ಚಾದರಕ್ಕೊಂದು ತಪ್ಪಾಯ್ತು

ಜೂನ್ ೯

ಮಹಾಮಹಿಮರಾದ ಅತ್ತೆಯವರ ಸನ್ನಿಧಾನಕ್ಕೆ,

“ಫೋನಿನಲ್ಲಿ ನಗಿಸಿ ನಗಿಸಿ ತಪ್ಪಿಸ್ಕೋತೀಯ, ಏನಿದ್ರೂ ಕಾಗದ ಬರಿ” ಎಂದು ಅಪ್ಪಣೆ ಕೊಡಿಸಿದ್ದೀರಿ. ಶಿರಸಾವಹಿಸಿ ಬರೆಯುತ್ತಿದ್ದೇನೆ. ತಮ್ಮ ಅಣ್ಣನ ಮಗಳು, ತಾವೇ ಸಾಕಿ ಸಲಹಿ ಊರ ಮೇಲೆ ಬಿಟ್ಟಿರುವ ಈ ಪ್ರಾಣಿ, ಕೆಲಸಕ್ಕೆ ಸೇರಿ ವಾರವಾಯಿತು. ಇನ್ನೂ ಯಾರೂ ಓಡಿಸಿಲ್ಲ. ಇದಕ್ಕೆ ತಾವು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು.

ನಮ್ಮದು ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆ, ಹಾಸ್ಟೆಲು, ಹೋಟೆಲುಗಳ ಹಾಸಿಗೆ ಚಾದರಗಳೆಲ್ಲ ಇಲ್ಲಿಗೇ ಬಂದು ಪಾಪ ತೊಳೆದುಕೊಂಡು ಹೋಗುತ್ತವೆ. ಒಂದು ಕಡೆ ನಮ್ಮ ಬಚ್ಚಲುಮನೆಯಷ್ಟು ದೊಡ್ಡ ತೊಳೆಯುವ ಯಂತ್ರಗಳು. ಇನ್ನೊಂದು ಕಡೆ ಬಿಸಿ ಉರುಳೆ. ಅದರ ಒಂದು ಬಾಯಿಗೆ ಮುದ್ದೆಯಾದ ಚಾದರ ಕೊಟ್ಟರೆ ಇನ್ನೊಂದು ಬಾಯಿಂದ ಹೊಸ ಕಾಗದದ ಹಾಗೆ ಹೊರಬರುತ್ತದೆ. ಅಲ್ಲಿಂದ ಮಡಚುವ ದೊಡ್ಡ ಕೋಣೆಗೆ, ನಮ್ಮ ಬಾಯಲ್ಲಿ ಹಾಲಿಗೆ. ನನ್ನ ರಾಜ್ಯಭಾರ ಅಲ್ಲಿ.

ಚಾದರ ಮಡಚುವುದು ಒಬ್ಬರ ಕೈಲಾಗುವ ಕೆಲಸವಲ್ಲ ಅತ್ತೆ. ಈ ತುದಿಗೊಬ್ಬಳು, ಆ ತುದಿಗೊಬ್ಬಳು. ಒಮ್ಮೆ ಫಟ್ ಎಂದು ಕೊಡವಬೇಕು. ಉದ್ದಕ್ಕೆ ಮಡಚಬೇಕು. ಆಮೇಲೆ ಮದುಮಕ್ಕಳ ಹಾಗೆ ಒಬ್ಬರ ಕಡೆಗೊಬ್ಬರು ನಡೆದು ಬಂದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಅಂಚು ದಾಟಿಸಬೇಕು. ನನ್ನ ಜೋಡಿ ದೊಡ್ಡಕ್ಕ. ಹಾಲಿಗೆಲ್ಲ ಹಿರಿಯರು. ನಮ್ಮ ಮೇಸ್ತ್ರಿಗೇ ಅವರು ದೊಡ್ಡಕ್ಕ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಎಂದು ಮೇಸ್ತ್ರಿ ಅವರ ಮುಖ ನೋಡಿಯೇ ತೀರ್ಮಾನಿಸುತ್ತಾನೆ. ಮುಖ ನೋಡಿ ಏನು ತಿಳಿಯುತ್ತದೋ, ನನಗಂತೂ ಇಡೀ ವಾರ ಎದುರಿಗೆ ನಡೆದು ನಡೆದು ಬಂದರೂ ಆ ಮುಖದಲ್ಲಿ ಒಂದಕ್ಷರ ಓದಲಾಗಲಿಲ್ಲ.

ಇಲ್ಲಿ ಯಾರೂ ಏನನ್ನೂ ಹೇಳಿಕೊಡುವುದಿಲ್ಲ. ನಾವೇ ತಪ್ಪು ಮಾಡಬೇಕು. ಮಾಡಿದ ಕೂಡಲೇ ಹಾಲಿಗೆ ಹಾಲೇ ಸುಮ್ಮನಾಗುತ್ತದೆ. ದೊಡ್ಡಕ್ಕ ಲೋಟ ಎತ್ತುವ ಮುಂಚೆ ಚಹಾ ಕುಡಿಯಬಾರದು ಎಂದು ಹಾಗೆ ಕಲಿತೆ. ಕಿಟಕಿ ಪಕ್ಕದ ಗೂಟಕ್ಕೆ ಚೀಲ ತಗುಲಿಸಬಾರದು ಎಂದೂ ಹಾಗೇ ಕಲಿತೆ.

ನಿನ್ನೆ ನನ್ನ ಕೈಯಿಂದ ಚಾದರ ಜಾರಿ ನೆಲಕ್ಕೆ ಬಿತ್ತು. ಮತ್ತೆ ಅದೇ ಮೌನ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಏನಾದರೂ ಮಾಡಬೇಕಲ್ಲ. ಎದೆಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ, ಬಿದ್ದ ಚಾದರಕ್ಕೆ “ತಪ್ಪಾಯ್ತು ಸ್ವಾಮಿ” ಎಂದೆ.

ಪಕ್ಕದ ಸಾಲಿನ ಗುಬ್ಬಿ ಮುಸಿಮುಸಿ ನಕ್ಕಳು. ಗುಬ್ಬಿ ಎಂದರೆ ಹಕ್ಕಿಯಲ್ಲ, ಬಾಯಿ ಮುಚ್ಚದ ಒಬ್ಬ ಪುಟ್ಟ ಹೆಂಗಸು. ದೊಡ್ಡಕ್ಕ ಮೊಟ್ಟಮೊದಲ ಸಲ ಬಾಯಿಬಿಟ್ಟರು.

“ಏನದು?”

“ನಮ್ಮ ಕಡೆ ಪದ್ಧತಿ, ದೊಡ್ಡಕ್ಕ. ಬಟ್ಟೆ ನೆಲಕ್ಕೆ ಬಿದ್ರೆ ಕೇಳ್ಕೋಬೇಕು. ಇಲ್ದಿದ್ರೆ ಸುಕ್ಕು ಹೋಗಲ್ಲ.”

“ಹಾಂ” ಎಂದರು ದೊಡ್ಡಕ್ಕ.

ಸುಕ್ಕು ಎಲ್ಲಿಂದ ಬಂತು ಎಂದು ಕೇಳಬೇಡಿ. ಬಾಯಿಗೆ ಬಂತು.

ಇಂತಿ ತಮ್ಮ ಆಜ್ಞೆಯನ್ನು ಆಗಾಗ ಪಾಲಿಸುವ,
ಸೊಸೆ

&nbsp;

ಜೂನ್ ೨೧

ಕೋತಿಗೆ,

ನಮ್ಮ ಕಡೆ ಅಂಥ ಪದ್ಧತಿ ಇದೆ ಅಂತ ನನಗೇ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಸಂತೋಷ.

ಇಲ್ಲಿ ಮಕ್ಕಳ ಮನೆಯಲ್ಲಿ ಹೊಸ ಬ್ಯಾಚು ಬಂದಿದೆ. ಮೂರು ವರ್ಷದವು, ಕೆಲವಕ್ಕೆ ಅಷ್ಟೂ ಆಗಿಲ್ಲ. ಮೊದಲ ಪಾಠ ಊಟಕ್ಕೆ ಮುಂಚೆ ಕೈ ತೊಳೆಯುವುದು. ನಾನು ನಲ್ಲಿ ಮುಂದೆ ನಿಂತು ತೋಳು ಮಡಚಿ, ಸೋಪು ಹಚ್ಚಿ, ಬೆರಳ ಸಂದಿ ಎಲ್ಲ ತೋರಿಸಿ ತೊಳೆದೆ. ಹತ್ತು ದಿನ ಇದೇ ಆಯಿತು. ಮೊನ್ನೆ ನೋಡುತ್ತೇನೆ, ಒಂದೊಂದು ಮಗುವೂ ನಲ್ಲಿಯ ಮುಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಎರಡು ಸಲ ಕೆಮ್ಮುತ್ತದೆ. ಆಮೇಲೆ ನೀರು ಮುಟ್ಟಿದ ಹಾಗೆ ಮಾಡಿ ಓಡಿಹೋಗುತ್ತದೆ. ಎಲ್ಲಕ್ಕೂ ನೆಗಡಿಯೇನೋ ಅಂತ ಹೆದರಿದೆ. ಆಯಾ ನಕ್ಕಳು. “ನೀವು ಕೆಮ್ತೀರಲ್ಲ ಮೇಡಂ, ಅದಕ್ಕೆ” ಅಂದಳು. ನಾನು ಕಲಿಸಿದ್ದು ಕೈ ತೊಳೆಯುವುದು, ಅವು ಕಲಿತದ್ದು ಕೆಮ್ಮು.

ಅದಕ್ಕೆ ಹೇಳುವುದು. ನಿನ್ನ ಮುಖ ಗಂಭೀರವಾಗಿದ್ದಾಗ ನೋಡಿದವರು ನಂಬುತ್ತಾರೆ. ನಾನೇ ನಂಬಿ ಮೋಸ ಹೋಗಿದ್ದೇನೆ, ಬೇರೆಯವರ ಪಾಡೇನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಪ್ಪಲಿ ಹೊಲಿಸಿಕೋ.

ಅತ್ತೆ

&nbsp;

ಆಗಸ್ಟ್ ೩

ಅತ್ತೆಯವರ ದಿವ್ಯ ಸಮ್ಮುಖಕ್ಕೆ ಒಬ್ಬ ಸಮಾಜ ನಿರ್ಮಾಪಕಿಯ ವರದಿ,

ತಾವು ಕುಳಿತುಕೊಂಡು ಓದುವುದು ಕ್ಷೇಮ. ತಮ್ಮ ಸೊಸೆ ಒಂದು ಸಂಪ್ರದಾಯವನ್ನು ಹೆತ್ತಿದ್ದಾಳೆ.

ಮೊದಲು ಹಿಡಿದುಕೊಂಡವಳು ಗುಬ್ಬಿ. ನನ್ನನ್ನು ಅಣಕಿಸಲು, ತನ್ನ ಚಾದರ ಬಿದ್ದಾಗ ಕತ್ತು ಸೊಟ್ಟ ಮಾಡಿ “ತಪ್ಪಾಯ್ತು ಸ್ವಾಮೀ” ಎಂದು ರಾಗ ಎಳೆದಳು. ಎಲ್ಲರೂ ನಕ್ಕರು. ನಗು ಬಂದರೆ ಮತ್ತೆ ಮಾಡದೆ ಇರುವ ಹೆಂಗಸಲ್ಲ ಅವಳು. ಅವಳ ಜೋಡಿಯೂ ಶುರು ಮಾಡಿದಳು. ಆಚೆ ಸಾಲಿನವರು ನಾವೇನು ಕಮ್ಮಿ ಎಂದು ಸೇರಿದರು. ಇದೆಲ್ಲ ತಮಾಷೆಯ ಕಾಲ.

ಆಮೇಲೆ ಒಂದು ದಿನ ದೊಡ್ಡಕ್ಕನ ಕೈಯಿಂದಲೇ ಚಾದರ ಜಾರಿತು. ದೊಡ್ಡಕ್ಕನ ಕೈಯಿಂದ ಬೀಳುವುದೆಂದರೆ ಸೂರ್ಯ ದಾರಿ ತಪ್ಪಿದ ಹಾಗೆ. ಅವರು ಬಿದ್ದ ಚಾದರವನ್ನೇ ನೋಡಿದರು. ಎದೆಯ ಮೇಲೆ ಕೈಯಿಟ್ಟರು. ನಿಧಾನವಾಗಿ, ನಗದೆ, “ತಪ್ಪಾಯ್ತು ಸ್ವಾಮಿ” ಎಂದರು. ಎತ್ತಿ ಮರುತೊಳೆತದ ಬುಟ್ಟಿಗೆ ಹಾಕಿದರು. ಅಷ್ಟೇ. ಆ ಗಳಿಗೆಯಿಂದ ಇದಕ್ಕೆ ನಗುವುದು ನಿಂತಿತು.

ಈಗ ಶಾಸ್ತ್ರಚರ್ಚೆಗಳೂ ನಡೆಯುತ್ತಿವೆ. ಇಬ್ಬರು ಮಲಗುವ ಮಂಚದ ಚಾದರ ಬಿದ್ದರೆ ಎರಡು ಸಲ ಹೇಳಬೇಕೆಂದು ಗುಬ್ಬಿಯ ವಾದ. ದಿಂಬಿನ ಚೀಲಕ್ಕೆ ಹೇಳಬೇಕೇ ಬೇಡವೇ ಎಂದು ಚಹಾದ ಹೊತ್ತಿನಲ್ಲಿ ದೊಡ್ಡ ರಂಪ. ಕೊನೆಗೆ ದೊಡ್ಡಕ್ಕ ತೀರ್ಪು ಕೊಟ್ಟರು: “ಬೇಡ. ಅದಿನ್ನೂ ಚಿಕ್ಕದು.” ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ.

ತಾವು ಹುಬ್ಬು ಗಂಟಿಕ್ಕುವ ಮುಂಚೆ ಒಂದು ಮಾತು. ಇದರಿಂದ ಒಳ್ಳೆಯದೇ ಆಗಿದೆ. ಎಲ್ಲರ ಮುಂದೆ ತಲೆ ತಗ್ಗಿಸುವುದು ಯಾರಿಗೆ ಇಷ್ಟ ಹೇಳಿ. ಹಿಡಿತ ಗಟ್ಟಿಯಾಗಿದೆ, ಚಾದರಗಳು ಬೀಳುವುದೇ ಅಪರೂಪ. ಮೇಸ್ತ್ರಿ ಖುಷಿಯಲ್ಲಿದ್ದಾನೆ. ಮುಂದಿನ ತಿಂಗಳಿಂದ ನನ್ನ ಕೆಲಸ ಖಾಯಂ ಎಂದೂ ಹೇಳಿದ್ದಾನೆ. ದೊಡ್ಡಕ್ಕ “ಹುಡುಗಿ ಪರವಾಗಿಲ್ಲ, ನಡವಳಿಕೆ ಇದೆ” ಎಂದರಂತೆ. ನಡವಳಿಕೆ, ಅತ್ತೆ. ನನಗೆ.

ಗುಟ್ಟಿನಲ್ಲಿ ಇನ್ನೊಂದು. ನಿನ್ನೆ ರೂಮಿನಲ್ಲಿ ಚಮಚ ಕೈಜಾರಿ ಬಿತ್ತು. ಸುತ್ತ ಒಂದು ನರಪಿಳ್ಳೆ ಇಲ್ಲ. ನನ್ನ ಕೈ ತಾನಾಗಿಯೇ ಎದೆಗೆ ಹೋಯಿತು.

ಇಂತಿ ವಂದನೆಗಳೊಂದಿಗೆ (ಚಮಚದ್ದೂ ಸೇರಿಸಿ),
ಸಂಪ್ರದಾಯ ಮಾತೆ

&nbsp;

ಆಗಸ್ಟ್ ೧೭

ಕೋತಿಗೆ,

ಕೆಲಸ ಖಾಯಂ ಆಗುವುದು ಕೇಳಿ ನೆಮ್ಮದಿಯಾಯಿತು. ನಿನ್ನ ಅಪ್ಪನಿಗೂ ಓದಿ ಹೇಳಿದೆ. ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತು.

ಆದರೂ ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅಂತ ಗಾದೆ ಸುಮ್ಮನೆ ಮಾಡಿಲ್ಲ. ನಮ್ಮ ಆಯಾ ಒಬ್ಬ ಹುಡುಗನಿಗೆ “ಯಾರಿಗೂ ಹೊಡೀಬಾರದು” ಅಂತ ಹೇಳುತ್ತಾ ಅವನ ಕೈ ಮೇಲೆ ಪಟ್ ಅಂತ ಒಂದು ಕೊಟ್ಟಳು. ಮರುದಿನ ಅವನು ಪಕ್ಕದವಳಿಗೆ “ಹೊಡೀಬಾರದು, ಹೊಡೀಬಾರದು” ಅಂತ ಹೇಳಿಕೊಂಡೇ ಹೊಡೆಯುತ್ತಿದ್ದ. ಪಾಠ ಪೂರ್ತಿ ಕಲಿತಿದ್ದಾನೆ. ಅವನನ್ನು ಬೈಯುವುದು ಹೇಗೆ?

ಬೀಳುವ ಚಾದರ ಕಮ್ಮಿಯಾದದ್ದು ಒಳ್ಳೆಯದು. ತಲೆ ತಗ್ಗಿಸಲು ಒಪ್ಪದವರು ಯಾರಾದರೂ ಬಂದಾಗ ಏನಾಗುತ್ತದೆ, ಅದನ್ನು ಬರಿ.

ಅತ್ತೆ

&nbsp;

ಅಕ್ಟೋಬರ್ ೧೨

ಪೂಜ್ಯ ಅತ್ತೆಯವರಿಗೆ,

ತಮಗೆ ಕಾಗದ ಬರೆದು ಎರಡು ತಿಂಗಳಾಯಿತು. ಮೈಗೆ ಹುಷಾರಾಗಿಯೇ ಇದ್ದೇನೆ. ತಲೆ ತಗ್ಗಿಸಲು ಒಪ್ಪದವರು ಬಂದರೆ ಎಂದು ಕೇಳಿದ್ದಿರಲ್ಲ, ಅವಳು ಬಂದಿದ್ದಾಳೆ.

ಗುಬ್ಬಿಯ ಜೋಡಿ ಬೇರೆ ಕಡೆ ಕೆಲಸ ಸಿಕ್ಕಿ ಹೋದಳು. ಅವಳ ಜಾಗಕ್ಕೆ ಸೆಪ್ಟೆಂಬರ್ ಶುರುವಿನಲ್ಲಿ ಒಬ್ಬಳು ಸೇರಿದಳು. ನನಗಿಂತ ಹದಿನೈದು ವರ್ಷ ದೊಡ್ಡವಳು. ಎಲ್ಲರೂ ಹೊಸಬಳು ಎನ್ನುತ್ತಾರೆ. ಉದ್ದನೆಯ ಕೈ, ಕಮ್ಮಿ ಮಾತು. ಎರಡನೆಯ ದಿನವೇ ಅವಳ ಚಾದರ ಬಿತ್ತು. ಎತ್ತಿದಳು, ಬುಟ್ಟಿಗೆ ಹಾಕಿದಳು, ಇನ್ನೊಂದಕ್ಕೆ ಕೈ ಚಾಚಿದಳು. ಇಡೀ ಹಾಲ್ ಸುಮ್ಮನಾಯಿತು.

ಗುಬ್ಬಿ ಕೇಳಿದಳು, “ಏನಾದ್ರೂ ಮರೆತ್ಯಾ?”

“ಏನು?”

“ಹೇಳ್ಬೇಕು.”

“ಏನ್ ಹೇಳ್ಬೇಕು?”

“ತಪ್ಪಾಯ್ತು ಸ್ವಾಮಿ ಅಂತ.”

“ಯಾರಿಗೆ?”

“ಚಾದರಕ್ಕೆ.”

ಹೊಸಬಳು ನಕ್ಕುಬಿಟ್ಟಳು. ಹೊಟ್ಟೆ ತುಂಬ ನಕ್ಕಳು. ಅತ್ತೆ, ಆ ನಗು ನನಗೆ ಬರಬೇಕಾಗಿದ್ದದ್ದು. ಜೂನಿನಿಂದ ಬಾಕಿ ಇತ್ತು. ಆದರೆ ಅವಳ ಜೊತೆ ಯಾರೂ ನಗಲಿಲ್ಲ. ನಾನೂ ನಗಲಿಲ್ಲ.

“ಊರಿಗೆ ಬಂದವಳು ನೀರಿಗೆ ಬರ್ದೆ ಇರ್ತಾಳಾ, ನೋಡೋಣ” ಎಂದಳು ಗುಬ್ಬಿ. ಹೊಸಬಳು ಬರಲಿಲ್ಲ. ಮೂರನೆಯ ಸಲವೂ ಹೇಳದೆ ಹೋದಾಗ ಗುಬ್ಬಿ ಅವಳ ತುದಿ ಬಿಟ್ಟು ಪಕ್ಕದ ಜೋಡಿಗೆ ಮೂರನೆಯವಳಾಗಿ ಸೇರಿಕೊಂಡಳು. ಬೈಗುಳವಿಲ್ಲ, ಜಗಳವಿಲ್ಲ. ಇನ್ನೊಂದು ತುದಿ ಹಿಡಿಯುವವರಿಲ್ಲ, ಅಷ್ಟೇ. ಒಬ್ಬಳೇ ಮಡಚಲು ಹೋದರೆ ಚಾದರ ನೆಲ ಗುಡಿಸುತ್ತದೆ. ನೆಲ ಗುಡಿಸಿದರೆ ಮರುತೊಳೆತ. ಬಿದ್ದದ್ದಕ್ಕೆಲ್ಲ ಅವಳು ಬಾಯಿ ಬಿಡುವುದಿಲ್ಲ. “ಗರ್ವ ನೋಡು, ದಿನಕ್ಕೆ ಎಷ್ಟ್ ಬೀಳಿಸ್ತಾಳೆ, ಒಂದಕ್ಕಾದ್ರೂ ಕೇಳ್ಕೋತಾಳಾ” ಎನ್ನುತ್ತಾರೆ. ಬೀಳಿಸುತ್ತಿರುವವರು ತಾವೇ ಎಂದು ಯಾರಿಗೂ ಹೊಳೆಯುವುದಿಲ್ಲ.

ನವೆಂಬರ್ ಕೊನೆಗೆ ಅವಳ ಪರೀಕ್ಷೆಯ ಕಾಲ ಮುಗಿಯುತ್ತದೆ. ಮೇಸ್ತ್ರಿ ದೊಡ್ಡಕ್ಕನನ್ನು ಕೇಳುತ್ತಾನೆ. ಏನು ಉತ್ತರ ಸಿಗುತ್ತದೆಂದು ಹಾಲಿನ ಗೋಡೆಗಳಿಗೂ ಗೊತ್ತು.

ಕೈ ತೊಳೆಯುವ ಕಡೆ ಒಮ್ಮೆ ನಾವಿಬ್ಬರೇ ಸಿಕ್ಕಿದೆವು. “ಒಂದ್ ಮಾತು ತಾನೇ ಅಕ್ಕಾ, ಅಂದ್ಬಿಡಿ” ಎಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. “ನಾನು ಮುಂಚೆ ಒಬ್ಬರ ಮನೇಲಿದ್ದೆ, ಮನೆಕೆಲಸಕ್ಕೆ. ಬೆಳಿಗ್ಗೆ ಎದ್ದ ಕೂಡ್ಲೇ ಒಂದ್ ತಪ್ಪಾಯ್ತು ಅಂದಿಟ್ಬಿಡ್ತಿದ್ದೆ. ಆಮೇಲೆ ಯಾವ್ದಕ್ಕಾದ್ರೂ ಆಗತ್ತಲ್ಲ ಅಂತ” ಎಂದಳು. ಕೈ ಒರೆಸಿಕೊಂಡಳು. “ಮಗಳನ್ನ ಇಲ್ಲೇ ಸ್ಕೂಲಿಗೆ ಹಾಕಿದೀನಿ. ಮತ್ತೆ ಆ ಮನೆಗೆ ಹೋಗಲ್ಲ. ತಪ್ಪು ಮಾಡಿದ್ರೆ ಕೇಳ್ಕೋತೀನಮ್ಮ. ಬಟ್ಟೆ ಜಾರೋದು ತಪ್ಪಲ್ಲ.”

ಅತ್ತೆ, ಆಮೇಲೆ ನಾನು ಎಲ್ಲ ಹೇಳಿಬಿಟ್ಟೆ. ಚಹಾದ ಹೊತ್ತಿನಲ್ಲಿ ಎದ್ದು ನಿಂತು, ಇದು ನಾನು ತಮಾಷೆಗೆ ಹುಟ್ಟಿಸಿದ್ದು, ನಮ್ಮ ಕಡೆ ಇಂಥದ್ದೇನೂ ಇಲ್ಲ, ಸುಕ್ಕಿನ ಮಾತೂ ಸುಳ್ಳು ಎಂದೆ. ಏನಾಯಿತು ಗೊತ್ತಾ?

“ಸುಮ್ನಿರೇ, ಯಾರಿಗ್ ಕಥೆ ಹೇಳ್ತೀಯಾ” ಎಂದಳು ಗುಬ್ಬಿ. “ನಾನು ಸೇರಿದಾಗಿಂದ್ಲೂ ಇದೆ ಇದು.” ಗುಬ್ಬಿ ನನಗಿಂತ ಆರು ವರ್ಷ ಮೊದಲು ಸೇರಿದವಳು.

ಮೇಸ್ತ್ರಿ ಚಹಾ ಆರಿಸುತ್ತಾ, “ಹಳೇ ಕಟ್ಟಡದಲ್ಲಿದ್ದಾಗ್ಲೇ ಇತ್ತು. ಆಗ ಇನ್ನೂ ಜೋರಾಗಿ ಹೇಳೋರು” ಎಂದ.

ನಾನು ದೊಡ್ಡಕ್ಕನ ಕಡೆ ತಿರುಗಿದೆ. ಅವರ ಮುಂದೆಯೇ ಅಲ್ಲವೇ ಹುಟ್ಟಿದ್ದು. ಅವರು ಲೋಟ ಕೆಳಗಿಟ್ಟು, “ನಂಗೆ ನಮ್ಮಮ್ಮ ಹೇಳ್ಕೊಟ್ಟಿದ್ದು” ಎಂದರು. ಸುಳ್ಳು ಹೇಳುವ ಮುಖವಲ್ಲ ಅದು. ಒಂದು ಕ್ಷಣ ನನಗೇ ಅನುಮಾನ ಬಂತು, ಅವರ ಅಮ್ಮನ ಹತ್ತಿರ ನಾನೇ ಕದ್ದೆನೋ ಏನೋ ಎಂದು.

ಸುಳ್ಳು ಹೇಳಿದಾಗ ನಂಬಿದರು. ನಿಜ ಹೇಳಿದರೆ ನಂಬುವುದಿಲ್ಲ. ಈಗ ನಾನು ಏನು ಮಾಡಲಿ, ನೀನೇ ಹೇಳು.

ನಿನ್ನ
ಸೊಸೆ

&nbsp;

ಅಕ್ಟೋಬರ್ ೨೦

ಮಗಳೇ,

ಶುರುವಿನಲ್ಲಿ ತಾವು ಅಂತ ಬರೆದು ಕೊನೆಗೆ ನೀನು ಅಂದಿದ್ದೀಯ. ಬುದ್ಧಿ ಬಂದಾಗಿನಿಂದ ನೀನು ಕಷ್ಟದಲ್ಲಿದ್ದಾಗ ಮಾತ್ರ ನನ್ನನ್ನು ‘ನೀನು’ ಅನ್ನುವುದು. ಆದ್ದರಿಂದ ನಾನೂ ಕೋತಿ ಅನ್ನಲಿಲ್ಲ.

ಎದ್ದು ನಿಂತು ಹೇಳಿದ್ದಕ್ಕೆ ಮೆಚ್ಚಿದೆ. ಆದರೆ ಅವರು ಅದನ್ನು ನೀನು ಹೇಳಿದ್ದರಿಂದ ಕಲಿಯಲಿಲ್ಲ. ಹೇಳಿದ್ದರಿಂದಲೇ ಬಿಡುತ್ತಾರೆಯೇ? ನಾನು ಇಪ್ಪತ್ತು ಚಿಲ್ಲರೆ ವರ್ಷದಿಂದ ಮಕ್ಕಳಿಗೆ ಹೇಳುತ್ತಲೇ ಇದ್ದೇನೆ. ಕೇಳಿಸಿಕೊಂಡ ಮಗು ಇನ್ನೂ ಹುಟ್ಟಿಲ್ಲ. ನೋಡದ ಮಗುವೂ ಹುಟ್ಟಿಲ್ಲ.

ನಿನ್ನ ಕಾಗದ ಮೂರು ಸಲ ಓದಿದೆ. ಗುಬ್ಬಿ ಏನು ಮಾಡಿದಳು ಅಂತ ಇದೆ. ಪಕ್ಕದ ಜೋಡಿ ಏನು ಮಾಡಿತು ಅಂತ ಇದೆ. ಮೇಸ್ತ್ರಿ ಚಹಾ ಆರಿಸಿದ್ದೂ ಇದೆ. ಒಂದು ಮಾತ್ರ ಎಲ್ಲೂ ಸಿಗಲಿಲ್ಲ. ಕನ್ನಡಕ ಒರೆಸಿಕೊಂಡೂ ಹುಡುಕಿದೆ.

ಅವಳ ಚಾದರದ ಇನ್ನೊಂದು ತುದಿ ನೀನು ಯಾಕೆ ಹಿಡಿದಿಲ್ಲ?

ಅತ್ತೆ

&nbsp;

ನವೆಂಬರ್ ೨

ಅತ್ತೆ,

ನಿನ್ನ ಕಾಗದ ಬಂದು ಒಂದು ವಾರ ಚೀಲದಲ್ಲೇ ಇತ್ತು. ಕೆಲಸಕ್ಕೆ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬರುತ್ತಿದ್ದೆ.

ಉತ್ತರ ಇಷ್ಟೇ. ಹಿಡಿದರೆ ದೊಡ್ಡಕ್ಕನನ್ನು ಬಿಡಬೇಕಾಗುತ್ತದೆ. ದೊಡ್ಡಕ್ಕ ನನಗೆ ನಡವಳಿಕೆ ಇದೆ ಎಂದಿದ್ದಾರೆ. ಅಂಥ ಮಾತು ನನ್ನ ಬಗ್ಗೆ ಯಾರೂ ಅಂದಿರಲಿಲ್ಲ. ಶಾಲೆಯಲ್ಲಿ ಏನೇನಂದರು ನಿನಗೇ ಗೊತ್ತು. ನೀನೇ ಅಲ್ಲವೇ ಹೋಗಿ ಕೇಳಿಸಿಕೊಂಡು ಬರುತ್ತಿದ್ದದ್ದು. ಇಲ್ಲಿ ಅವರು ಲೋಟ ಎತ್ತಿ ನನ್ನ ಕಡೆ ಒಮ್ಮೆ ನೋಡುತ್ತಾರೆ, ಆಮೇಲೆ ಕುಡಿಯುತ್ತಾರೆ. ಆ ಒಂದು ನೋಟಕ್ಕಾಗಿ ನಾನು ಸುಮ್ಮನಿದ್ದೆ. ಉಳಿದವರೂ ಅದಕ್ಕೇ ಸುಮ್ಮನಿದ್ದಾರೆ ಎಂದು ಕಾಣುತ್ತದೆ. ಒಬ್ಬೊಬ್ಬರಿಗೆ ಒಬ್ಬೊಬ್ಬರ ನೋಟ.

ಸೋಮವಾರ ಬೆಳಿಗ್ಗೆ ದೊಡ್ಡಕ್ಕ ಚಾದರದ ಒಂದು ತುದಿ ಹಿಡಿದು, ನಾನು ಇನ್ನೊಂದು ಹಿಡಿಯಲಿ ಎಂದು ನಿಂತಿದ್ದರು. ಆಚೆ ಮೂಲೆಯಲ್ಲಿ ಹೊಸಬಳು ಒಬ್ಬಳೇ ಎರಡು ತೋಳು ಅಗಲಿಸಿ, ಗಲ್ಲದಿಂದ ಅಂಚನ್ನು ಅದುಮಿಕೊಂಡು ಒದ್ದಾಡುತ್ತಿದ್ದಳು. ನಾನು ಹಾಲ್ ದಾಟಿ ಹೋದೆ. ಕೆಳಗೆ ಜೋತಾಡುತ್ತಿದ್ದ ತುದಿ ಎತ್ತಿ ಹಿಡಿದೆ. ಒಂದು ನಗೆಚಟಾಕಿ ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಬಹಳ ಕಷ್ಟದ ಕೆಲಸ ಅದು.

“ಕೊಡವಿ” ಎಂದಳು ಹೊಸಬಳು. ಕೊಡವಿದೆವು.

ಗುಬ್ಬಿ ಓಡಿಹೋಗಿ ದೊಡ್ಡಕ್ಕನ ಚಾದರದ ಇನ್ನೊಂದು ತುದಿ ಹಿಡಿದಳು. ಚಹಾದ ಹೊತ್ತಿಗೆ ಅವರು ಲೋಟ ಎತ್ತಿದರು, ಗೋಡೆ ನೋಡಿಕೊಂಡು ಕುಡಿದರು. ಅವತ್ತಿನಿಂದ ಗೋಡೆಯೇ.

ನಮ್ಮ ಜೋಡಿಯ ಚಾದರ ಬೀಳುವುದು ಕಮ್ಮಿ. ಒಂದೆರಡು ಬಿದ್ದಾಗ ಎತ್ತಿ ಬುಟ್ಟಿಗೆ ಹಾಕಿದೆವು. ನನ್ನ ಕೈ ಎದೆಯ ಕಡೆ ಹೊರಟದ್ದನ್ನು ಜೇಬಿಗೆ ತುರುಕಿದೆ.

ನಿನ್ನ
ಸೊಸೆ

&nbsp;

ನವೆಂಬರ್ ೧೦

ಮಗಳೇ,

ತಲುಪಿತು. ಸರಿ.

ನಾನೂ ಒಂದು ಪ್ರಯತ್ನ ಮಾಡಿದೆ. ನಲ್ಲಿಯ ಮುಂದೆ ಕೆಮ್ಮಬಾರದು ಅಂತ ಗಂಟಲು ಬಿಗಿಹಿಡಿದು ನಿಂತೆ. ಮಕ್ಕಳು ಸಾಲಾಗಿ ನಿಂತು ಕಾದವು. ಕೊನೆಗೆ ಪಾಪ, ಒಬ್ಬಳು ಮುಂದೆ ಬಂದು ನನ್ನ ಪರವಾಗಿ ತಾನೇ ಕೆಮ್ಮಿದಳು. ಎಲ್ಲವೂ ಸಮಾಧಾನದಿಂದ ಕೈ ತೊಳೆದುಕೊಂಡವು. ಈ ಸಲ ಸರಿಯಾಗಿಯೇ ತೊಳೆದವು.

ಹೊತ್ತು ಹಿಡಿಯುತ್ತದೆ. ಹಿಡಿದ ತುದಿ ಬಿಡಬೇಡ.

ಅತ್ತೆ

&nbsp;

ನವೆಂಬರ್ ೩೦

ಅತ್ತೆ,

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಪುಟಕ್ಕೆ ಹಾರಿ ಓದುತ್ತೀಯ. ಹೊಸಬಳು ಉಳಿದಳು. ಹೇಗೆ ಎಂಬುದನ್ನು ಈಗ ಕ್ರಮವಾಗಿ ಓದು.

ಇವತ್ತು ಅವಳ ಕೊನೆಯ ದಿನವಾಗಬೇಕಿತ್ತು. ಬೆಳಿಗ್ಗೆ ಅವಳು ಗೂಟದಿಂದ ತನ್ನ ಕೆಲಸದ ಅಂಗಿ ತೆಗೆದುಕೊಂಡು, ಚೆನ್ನಾಗಿ ಮಡಚಿ, ವಾಪಸು ಕೊಡಲೆಂದು ಪಕ್ಕಕ್ಕಿಟ್ಟೇ ಕೆಲಸಕ್ಕೆ ನಿಂತಳು. ನಾನೂ ಮೇಸ್ತ್ರಿಗೆ ಹೇಳಬೇಕಾದದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಳ್ಳೆಯ ಭಾಷಣ. ಯಾರಿಗೂ ಬೇಕಾಗಲಿಲ್ಲ.

ಮಧ್ಯಾಹ್ನದ ಮೇಲೆ ಆಸ್ಪತ್ರೆಯ ಚಾದರಗಳು ಬಂದವು. ಅವುಗಳ ತಳ್ಳುಗಾಡಿ ಎತ್ತರ, ಹಿಂದೆ ನಿಂತು ತಳ್ಳುವವರಿಗೆ ಎದುರಿಗೆ ಯಾರಿದ್ದಾರೆಂದು ಕಾಣುವುದಿಲ್ಲ. ತಳ್ಳುತ್ತಿದ್ದವಳು ಹೊಸಬಳು. ದೊಡ್ಡಕ್ಕ ಗುಬ್ಬಿಯ ಕಡೆಗೆ ಅಂಚು ಹಿಡಿದು ನಡೆಯುತ್ತಿದ್ದರು. ಗಾಡಿಯ ಚಕ್ರ ಹೋಗಿ ಅವರ ಹಿಮ್ಮಡಿಗೆ ಬಡಿಯಿತು.

ದೊಡ್ಡಕ್ಕ ಹಿಡಿದ ಅಂಚು ಬಿಟ್ಟರು. ಚಾದರ ಪೂರ್ತಿ ನೆಲಕ್ಕೆ ಬಿತ್ತು.

ಹೊಸಬಳು ಗಾಡಿ ಬಿಟ್ಟು ಸುತ್ತಿ ಬಂದವಳೇ ನೆಲದ ಮೇಲೆ, ಆ ಚಾದರದ ಮೇಲೆಯೇ ಕುಳಿತಳು. ಎರಡೂ ಕೈಯಲ್ಲಿ ಅವರ ಪಾದ ಹಿಡಿದುಕೊಂಡಳು. “ತಪ್ಪಾಯ್ತು ದೊಡ್ಡಕ್ಕ. ನಂದೇ ತಪ್ಪು. ನೋಡ್ಲಿಲ್ಲ ನಾನು, ಕೂಗಿ ಹೇಳ್ಬೇಕಿತ್ತು, ಹೇಳ್ಲಿಲ್ಲ. ಇಲ್ಲಿ ನೋಯ್ತಿದ್ಯಾ? ಇಲ್ಲಿ?” ಎಂದು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ನನಗೆ ಹೇಳಿದ್ದಳಲ್ಲ, ತಪ್ಪು ಮಾಡಿದರೆ ಕೇಳುತ್ತೇನೆಂದು. ಕೇಳಿದಳು.

ಹಾಲ್ ಸುಮ್ಮನಾಗಿತ್ತು. ಆದರೆ ಎಂದಿನ 'ಏನು ಮಾಡಿದೆ ನೋಡು' ಎಂಬ ಮೌನವಲ್ಲ. ಅತ್ತೆ, ನಾನು ಇಲ್ಲಿಗೆ ಬಂದಾಗಿನಿಂದ ಎಷ್ಟೋ ಜನರ ಕಾಲಿಗೆ ಗಾಡಿ ತಾಗಿದ್ದು ನೋಡಿದ್ದೇನೆ. ಬೆರಳು ಸಿಕ್ಕಿಕೊಂಡದ್ದು, ಬಿಸಿ ಬಟ್ಟೆ ಮೇಲೆ ಬಿದ್ದದ್ದು ನೋಡಿದ್ದೇನೆ. “ನೋಡ್ಕೊಂಡು ನಿಂತ್ಕೋಬಾರ್ದಾ” ಎಂದು ಪೆಟ್ಟು ತಿಂದವರಿಗೇ ಹೇಳುವುದು ಇಲ್ಲಿನ ರೂಢಿ. ಅದನ್ನೂ ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಚಾದರಗಳಿಗೆ ಆರು ತಿಂಗಳಿಂದ ಕೇಳಿಕೊಳ್ಳುತ್ತಿದ್ದ ಮಾತನ್ನು ಒಬ್ಬ ಮನುಷ್ಯರಿಗೆ ಅಂದದ್ದು ನಾನು ಇವತ್ತೇ ಕೇಳಿದ್ದು. ದೊಡ್ಡಕ್ಕನೂ ಇವತ್ತೇ ಕೇಳಿದ್ದು ಎಂದು ಅವರ ಮುಖ ಹೇಳಿತು. ಹೌದು, ಆ ಮುಖವನ್ನು ಕೊನೆಗೂ ಓದಿದೆ.

“ಬಿಡಮ್ಮಾ, ಮುರಿದಿಲ್ಲ” ಎಂದರು ಅವರು. ಒಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂರಿಸಿದೆವು. ಹೊಸಬಳು ಒದ್ದೆ ಬಟ್ಟೆ ತಂದು ಹಿಮ್ಮಡಿಗೆ ಸುತ್ತಿದಳು. ಕೆಳಗೆ ಬಿದ್ದಿದ್ದ ಚಾದರವನ್ನು ಗುಬ್ಬಿ ಬಾಚಿಕೊಂಡು ಮರುತೊಳೆತಕ್ಕೆ ಕೊಡಲು ಹೋದಳು. ಅದಕ್ಕೆ ಯಾರೂ ತಪ್ಪಾಯ್ತು ಅನ್ನಲಿಲ್ಲ. ಅದೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

ದೊಡ್ಡಕ್ಕನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಕುಳಿತಲ್ಲಿಂದಲೇ ಕೈ ಚಾಚಿ ರಾಶಿಯಿಂದ ಒಂದು ಚಾದರ ಎಳೆದುಕೊಂಡರು. ಗುಬ್ಬಿ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವಳನ್ನು ನೋಡಿದರು.

“ಹಿಡಿ ಮತ್ತೆ. ನಿಂತ್ಕೊಂಡ್ ನೋಡ್ತೀಯಾ?”

ಹೊಸಬಳು ಹಿಡಿದಳು. ದೊಡ್ಡಕ್ಕ ಎದ್ದು ನಡೆಯುವ ಹಾಗಿಲ್ಲವಲ್ಲ, ಅವರು ನಡೆಯಬೇಕಾದ ದೂರವನ್ನೂ ಇವಳೇ ನಡೆದಳು. ಉದ್ದನೆಯ ಕೈ, ಬಾಗಿ ಅಂಚು ಕೊಡುವಾಗ ನೆಲಕ್ಕೆ ಎಳೆಯಷ್ಟೂ ತಾಗಲಿಲ್ಲ. ಒಂದಾಯಿತು, ಎರಡಾಯಿತು, ಇನ್ನೊಂದಾಯಿತು.

ಆ ಹೊತ್ತಿಗೆ ಮೇಸ್ತ್ರಿ ಬಂದ. ಗಾಡಿಯ ಸುದ್ದಿ ಮುಟ್ಟಿ ಮುಖ ಉಬ್ಬಿಸಿಕೊಂಡೇ ಬಂದಿದ್ದ. “ದೊಡ್ಡಕ್ಕ, ಇವಳ ವಿಷಯ ಏನ್ ಮಾಡೋಣ? ಇವತ್ತಿಗೆ ಮುಗಿಯತ್ತೆ. ಕಳಿಸ್ಬಿಡ್ಲಾ?”

ದೊಡ್ಡಕ್ಕ ತಲೆ ಎತ್ತಲಿಲ್ಲ. “ಕೈಯಲ್ಲಿ ಕೆಲಸ ಇರೋವಾಗ ಎಂಥಾ ಪ್ರಶ್ನೆ ಕೇಳ್ತೀಯಪ್ಪಾ. ಕಳಿಸಿದ್ರೆ ಈ ತುದಿ ನೀನ್ ಹಿಡೀತೀಯಾ?”

ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಹಿಡಿಯುವ ಇರಾದೆ ಇದ್ದ ಹಾಗೆ ಕಾಣಲಿಲ್ಲ. ಬಂದ ದಾರಿಯಲ್ಲೇ ಹೋದ. ಹೊಸಬಳು ಒಂದು ಗಳಿಗೆ ಚಾದರದ ಅಂಚಿನಿಂದ ಮುಖ ಒರೆಸಿಕೊಂಡಳು. “ಅದು ಆಸ್ಪತ್ರೆದು ಕಣೇ, ಒರೆಸ್ಬೇಡ” ಎಂದರು ದೊಡ್ಡಕ್ಕ. ಅಷ್ಟೇ ಆದದ್ದು.

ನಾನು ನಡುವೆ ನಿಂತಿದ್ದೆ, ಕೈಯಲ್ಲಿ ಒಂಟಿ ಚಾದರ ಹಿಡಿದುಕೊಂಡು. ನನ್ನ ಹಳೆಯ ಜೋಡಿ ನನ್ನ ಹೊಸ ಜೋಡಿಯನ್ನು ಎತ್ತಿಕೊಂಡು ಹೋಗಿದ್ದರು. ಅಳಬೇಕೋ ನಗಬೇಕೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಗುಬ್ಬಿ ವಾಪಸು ಬಂದಳು. ತನ್ನ ಜಾಗದಲ್ಲಿ ಹೊಸಬಳು ನಿಂತಿರುವುದನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಬಂದು, ನೆಲದ ಕಡೆಗೆ ಜಾರುತ್ತಿದ್ದ ನನ್ನ ಚಾದರದ ಇನ್ನೊಂದು ತುದಿ ಎತ್ತಿ ಹಿಡಿದಳು.

“ಕೊಡವೇ” ಎಂದಳು. “ನಿಂಗೂ ಇನ್ಮೇಲೆ ನಾನೇ ಗತಿ.”

ನಿನ್ನ
ಸೊಸೆ